ಒಂದೆಲಗವೂ ಬ್ರಾಹ್ಮಿಯೂ

ಒಂದೆಲಗದ ತಂಬುಳಿಯನ್ನು ಉಣ್ಣದೆ ದೊಡ್ಡವರಾದವರು ನಮ್ಮ ಜಿಲ್ಲೆಯಲ್ಲಿ ವಿರಳವೆಂದೇ ಹೇಳಬಹುದು. ಎರಡು ಮಳೆ ಬಿದ್ದು ತೋಟದ ಕಣಿಗಳಲ್ಲಿ ನೀರು ಹರಿಯತೊಡಗಿದೊಡನೆ ಬಾವಿಕಟ್ಟೆಯ ಸುತ್ತಲೂ, ಗದ್ದೆಯ ಹುಣಿಯ ಮೇಲೆಯೂ, ಅಡಕೆಮರಗಳ ಬುಡದಲ್ಲಿಯೂ, ಬಚ್ಚಲ ನೀರು ಹೋಗುವ ಹಾದಿಯಲ್ಲಿಯೂ ಈ ಕಿರಿಯ ಬಳ್ಳಿಯು ನೆಲಕ್ಕೆ ಹಾಸು ಹಾಸಿದಂತೆ ಹಬ್ಬುವುದು. ಇದನ್ನು ಬಿತ್ತಿದವರಿಲ್ಲ; ಪಾತಿ ಮಾಡಿ ನೀರೆರೆದವರೂ ಇಲ್ಲ. ನೂಲಿನಂತೆ ಸಣ್ಣಗೆ, ತುಸು ಕೆಂಪಾಗಿ ಓಡುವ ಇದರ ಕಾಂಡವು ಗೆಣ್ಣುಗೆಣ್ಣಿಗೂ ಬೇರೂರಿ, ಅಲ್ಲಿಂದ ಉದ್ದವಾದ ತೊಟ್ಟನ್ನು ಮೇಲಕ್ಕೆ ಕಳುಹಿಸುವುದು. ತೊಟ್ಟಿನ ತುದಿಗೆ ಒಂದೇ ಎಲೆ. ಅದು ದುಂಡಗೆ, ತೊಟ್ಟು ಸೇರುವಲ್ಲಿ ಒಳಕ್ಕೆ ಸೀಳಿದಂತೆ, ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲುಗಳನ್ನು ಹೊಂದಿರುವುದು. ಹೂವನ್ನು ಕಾಣಬೇಕಾದರೆ ಎಲೆಗಳನ್ನು ಸರಿಸಿ ನೆಲಕ್ಕೆ ಬಾಗಬೇಕು. ಅಷ್ಟು ಚಿಕ್ಕದು, ಅಷ್ಟು ನಾಚಿಕೆಯದು. ಒಂದು ತೊಟ್ಟಿಗೆ ಒಂದೇ ಎಲೆಯಾದುದರಿಂದ ಕನ್ನಡದಲ್ಲಿ ಒಂದೆಲಗವೆಂದಾಯಿತು. ಕೊಂಕಣಿಯವರು ಏಕಪಾನಿಯೆಂದು ಅದೇ ಅರ್ಥದ ಮಾತನ್ನಾಡುವರು. ತುಳುವಿನಲ್ಲಿ ಇದು ತಿಮರೆ. ತೆಂಗಿನಕಾಯಿ, ಜೀರಿಗೆ, ಕರಿಮೆಣಸುಗಳೊಡನೆ ಅರೆದು ಮಜ್ಜಿಗೆ ಬೆರಸಿದರೆ ತಂಬುಳಿಯಾಗುವುದು. ಮಜ್ಜಿಗೆಯನ್ನು ಬಿಟ್ಟು ಗಟ್ಟಿಯಾಗಿ ಅರೆದರೆ ಚಟ್ನಿ. ಪರೀಕ್ಷೆಯ ಕಾಲ ಬಂದಿತೆಂದರೆ ಮಕ್ಕಳ ಎಲೆಯಲ್ಲಿ ಇವೆರಡರಲ್ಲೊಂದು ತಪ್ಪುತ್ತಿರಲಿಲ್ಲ. ಜ್ಞಾಪಕಶಕ್ತಿಗೆ ಇದಕ್ಕಿಂತ ಮಿಗಿಲಿಲ್ಲವೆಂದು ಹಿರಿಯರು ಹೇಳುತ್ತಿದ್ದರು.

“ಇದನ್ನೇ ಸಂಸ್ಕೃತದಲ್ಲಿ ಬ್ರಾಹ್ಮಿಯೆನ್ನುವರು” ಎಂಬ ವಾಕ್ಯವನ್ನು ನಾನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ತರಗತಿಗಳಲ್ಲಿ ಹೇಳಿದೆನು. ಅಷ್ಟು ನಿಶ್ಚಯವಾಗಿ ಹೇಳಲು ನನಗೆ ಅಧಿಕಾರವಿರಲಿಲ್ಲವೆಂಬುದನ್ನು ವಾಚಕರ ಮುಂದೆ ಒಪ್ಪಿಕೊಂಡು, ಅದೇಕೆಂಬುದನ್ನು ವಿವರಿಸುವುದಕ್ಕಾಗಿಯೇ ಈ ಲೇಖನವನ್ನು ಬರೆಯಲು ತೊಡಗಿದೆನು.

೧೯೮೯ನೆಯ ಇಸವಿಯ ಮಳೆಗಾಲ. ಆಗ ನಾನು ಕಡಲಿಗೆ ಸಮೀಪವಾದ ಒಂದೂರಿನ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಕಲಿಸುತ್ತಿದ್ದೆನು. ಪಾಠಶಾಲೆಯಲ್ಲಿ ನಮಗೆ ಅಮರಕೋಶವನ್ನು ಬಾಯಿಪಾಠ ಮಾಡಿಸಿದ್ದರು. ಆ ಕ್ರಮವನ್ನು ಹೊಸ ಕಾಲದ ಹುಡುಗರಿಗೆ ಸ್ವಲ್ಪ ರುಚಿಗೊಳಿಸೋಣವೆಂದು, ವನೌಷಧಿವರ್ಗದಲ್ಲಿ ಬರುವ ಗಿಡಗಳಲ್ಲಿ ಸಿಕ್ಕಿದಷ್ಟನ್ನು ತರಬೇಕೆಂದು ಅವರಿಗೆ ಹೇಳಿದೆನು. ತುಳಸಿ, ಅಮೃತಬಳ್ಳಿ, ಗರಿಕೆ, ಎಕ್ಕ ಮೊದಲಾದವು ರಾಶಿಯಾಗಿ ಬಂದುವು. ಬ್ರಾಹ್ಮಿಯ ಹೆಸರಿನಲ್ಲಿ ಒಂದೆಲಗವನ್ನು ತಂದವರು ಏಳೆಂಟು ಮಂದಿ. ಚಂದ್ರಗಿರಿ ಹೊಳೆಯ ಆಚೆಯ ಊರಿನ ಹುಡುಗನೊಬ್ಬನು ಸೋದರಮಾವನ ಮನೆಯಲ್ಲಿದ್ದುಕೊಂಡು ನಮ್ಮಲ್ಲಿ ಓದುತ್ತಿದ್ದನು. ಅವನು ಮಾತ್ರ, ವಾರದ ರಜೆಯಲ್ಲಿ ತನ್ನ ಊರಿಗೆ ಹೋಗಿ ಬಂದವನು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಬೇರೊಂದು ಬಳ್ಳಿಯನ್ನು ಮೇಜಿನ ಮೇಲೆ ಇಟ್ಟನು. ರಸ ತುಂಬಿದ ಕಾಂಡ; ಎದುರುಬದುರಾಗಿ ತೊಟ್ಟಿಲ್ಲದ, ದಪ್ಪನಾದ, ಉಗುರಿನಷ್ಟು ಎಲೆಗಳು; ಎಲೆಯ ಸಂದಿನಲ್ಲಿ ಬಿಳುಪಿಗೆ ಸ್ವಲ್ಪ ನೇರಿಳೆ ಬೆರೆತ ಐದೆಸಳಿನ ಒಂದು ಹೂವು. “ಇದು ಬ್ರಾಹ್ಮಿ, ಸಾರ್. ಅಜ್ಜಿ ಕಿತ್ತು ಕೊಟ್ಟಳು” ಎಂದನು. “ಬ್ರಾಹ್ಮಿಯೆಂದರೆ ಒಂದೆಲಗ, ಇದು ಹೊಳೆಯ ಬದಿಯ ಕಳೆ” ಎಂದು ಹೇಳಿ ನಾನು ಅದನ್ನು ಕಿಟಕಿಯಿಂದ ಹೊರಕ್ಕೆ ಎಸೆದೆನು. ತರಗತಿಯು ನಕ್ಕಿತು. ಹುಡುಗನು ತಲೆ ತಗ್ಗಿಸಿ ಕುಳಿತನು. ಅವನ ಕೈಯಲ್ಲಿ ಒದ್ದೆ ಬಟ್ಟೆ ಮಾತ್ರ ಉಳಿದಿತ್ತು.

ಇನ್ನು ವಿಷಯಕ್ಕೆ ಬರೋಣ. ಮೊದಲು ನನಗೆ ಬಾಯಿಪಾಠವಾಗಿದ್ದ ಅಮರಕೋಶವು ಏನು ಹೇಳುತ್ತದೆ? ಅಮರಸಿಂಹನು ಬ್ರಾಹ್ಮೀಶಬ್ದವನ್ನು ಒಂದಕ್ಕಿಂತ ಹೆಚ್ಚು ಕಡೆಗಳಲ್ಲಿ ಹೇಳಿರುವನು. ಒಂದು ವಾಗ್ದೇವಿಯ ಹೆಸರುಗಳಲ್ಲಿ. ಭಾರತೀ, ವಾಣೀ, ಸರಸ್ವತೀ ಎಂಬುವುಗಳ ಸಾಲಿನಲ್ಲಿ. ಇನ್ನೊಂದು ಓಷಧಿಯ ಹೆಸರಾಗಿ. ಅಲ್ಲಿ ಮತ್ಸ್ಯಾಕ್ಷೀ, ವಯಃಸ್ಥಾ, ಸೋಮವಲ್ಲರೀ ಎಂಬುವು ಪರ್ಯಾಯಗಳು. ಮತ್ಸ್ಯಾಕ್ಷಿಯೆಂದರೆ ಮೀನಿನ ಕಣ್ಣಿನಂಥದು. ಒಂದೆಲಗದ ಎಲೆಯು ಮೀನಿನ ಕಣ್ಣಿನಂತೆ ದುಂಡಗಿರುವುದರಿಂದ ಈ ಹೆಸರೆಂದು ನಾನು ಹುಡುಗರಿಗೆ ಹೇಳುತ್ತಿದ್ದೆನು; ಇದು ನಾನೇ ಹೊಸೆದ ವ್ಯಾಖ್ಯಾನವೇ ಹೊರತು ಯಾವ ಟೀಕಾಕಾರನದೂ ಅಲ್ಲ. ಮಂಡೂಕಪರ್ಣೀ ಎಂಬ ಮಾತನ್ನಾದರೋ ಅಮರನು ಬ್ರಾಹ್ಮಿಯ ಜೊತೆಯಲ್ಲಿ ಇಟ್ಟಿಲ್ಲ. ಅದನ್ನು ಮಂಜಿಷ್ಠೆಯ, ಅಂದರೆ ಕೆಂಪು ಬಣ್ಣಕ್ಕೆ ಬಳಸುವ ಬಳ್ಳಿಯ, ಹೆಸರುಗಳಲ್ಲಿ ಎಣಿಸಿರುವನು. ಮಂಡೂಕಪರ್ಣವೆಂಬ ಪುಲ್ಲಿಂಗರೂಪವು ಶ್ಯೋನಾಕವೃಕ್ಷಕ್ಕೆ ಸಂದಿದೆ. ಹೀಗೆ ಕಪ್ಪೆಯ ಹೆಸರೊಂದೇ ಬಳ್ಳಿಗೂ ಮರಕ್ಕೂ ಹಂಚಿಹೋಗಿರುವಾಗ, ಕೋಶವನ್ನು ನೆಚ್ಚಿಕೊಂಡು ಗಿಡವನ್ನು ಗುರುತಿಸಬಹುದೆಂಬುದೇ ನನ್ನ ಮೊದಲನೆಯ ತಪ್ಪು. ನಾಲಗೆಗೆ ಬಂದುದು ಬುದ್ಧಿಗೆ ಬಂದಿರಲಿಲ್ಲ.

ವೈದ್ಯಗ್ರಂಥಗಳಲ್ಲಿ ವಿಷಯವು ಇನ್ನೂ ಸ್ಪಷ್ಟವಾಗಿದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ರಸಾಯನಪ್ರಕರಣದಲ್ಲಿ ಮೇಧೆಯನ್ನು ಹೆಚ್ಚಿಸತಕ್ಕ ನಾಲ್ಕು ಔಷಧಗಳನ್ನು ಹೇಳಿದೆ. ಮಂಡೂಕಪರ್ಣಿಯ ರಸ, ಹಾಲಿನೊಡನೆ ಯಷ್ಟಿಮಧುವಿನ ಚೂರ್ಣ, ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ ಇವೇ ಆ ನಾಲ್ಕು. ನಾಲ್ಕರಲ್ಲಿಯೂ ಶಂಖಪುಷ್ಪಿಯು ವಿಶೇಷವಾದುದೆಂದು ಸಂಹಿತೆಯ ಅಭಿಪ್ರಾಯ. (ಶಂಖಪುಷ್ಪಿಯು ಯಾವುದೆಂಬ ಜಗಳವು ಬೇರೆಯೇ ಇದೆ, ಅದನ್ನು ಇಲ್ಲಿ ಎತ್ತಿದರೆ ಈ ಸಂಚಿಕೆಯು ಸಾಲದು.) ಈ ಪಟ್ಟಿಯಲ್ಲಿ ಬ್ರಾಹ್ಮಿಯ ಹೆಸರೇ ಇಲ್ಲ. ಬ್ರಾಹ್ಮಿಯು ಬರುವುದು ಅಪಸ್ಮಾರದ ಚಿಕಿತ್ಸೆಯಲ್ಲಿ. ಬ್ರಾಹ್ಮಿಯ ರಸ, ಬಜೆ, ಕೋಷ್ಠ, ಶಂಖಪುಷ್ಪಿಗಳನ್ನು ಹಳೆಯ ತುಪ್ಪದಲ್ಲಿ ಪಕ್ವಮಾಡಿದ ಘೃತವನ್ನು ಅಲ್ಲಿ ವಿಧಿಸಿದೆ. ಸುಶ್ರುತನಾದರೋ ಮೇಧೆ ಆಯುಸ್ಸುಗಳನ್ನು ಕುರಿತ ಅಧ್ಯಾಯದಲ್ಲಿ ಮಂಡೂಕಪರ್ಣಿಯ ಪ್ರಯೋಗವನ್ನು ಒಂದಾಗಿಯೂ ಬ್ರಾಹ್ಮಿಯ ಪ್ರಯೋಗವನ್ನು ಮತ್ತೊಂದಾಗಿಯೂ ಒಂದರ ಹಿಂದೊಂದರಂತೆ ಹೇಳಿರುವನು. ಒಂದೇ ಗಿಡಕ್ಕೆ ಎರಡು ಹೆಸರುಗಳಾಗಿದ್ದರೆ ಹೀಗೆ ಎರಡು ವಿಧಿಗಳನ್ನು ಹೇಳಬೇಕಾದ ಪ್ರಮೇಯವಿರಲಿಲ್ಲ. ಆದುದರಿಂದ ಪ್ರಾಚೀನರ ದೃಷ್ಟಿಯಲ್ಲಿ ಇವು ಎರಡು ಗಿಡಗಳೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸತಕ್ಕದ್ದು. ಚರಕ ಸುಶ್ರುತರಿಬ್ಬರೂ ಅನ್ನಪಾನವಿಧಿಯನ್ನು ಹೇಳುವಲ್ಲಿ ಮಂಡೂಕಪರ್ಣಿಯನ್ನು ಸೊಪ್ಪುಗಳ ಗುಂಪಿಗೆ ಸೇರಿಸಿದ್ದಾರೆ. ಔಷಧವಾದುದು ಅಡುಗೆಮನೆಗೂ ಸಲ್ಲುತ್ತಿತ್ತೆಂದಾಯಿತು. ನಮ್ಮ ಒಂದೆಲಗದ ಸ್ಥಿತಿಯೂ ಇದೇ ಅಲ್ಲವೆ? ವೈದ್ಯನ ಮನೆಗೆ ಹೋಗುವುದಕ್ಕಿಂತ ಹೆಚ್ಚಾಗಿ ಅದು ಹೋಗುವುದು ಅರೆಯುವ ಕಲ್ಲಿಗೆ. ಒಂದೆಲಗವೇ ಮಂಡೂಕಪರ್ಣಿಯೆಂದು ಈಗ ವೈದ್ಯರಲ್ಲಿ ಸ್ಥಿರಪಟ್ಟಿರುವ ಮತಕ್ಕೆ ಇದು ಚೆನ್ನಾಗಿ ಹೊಂದುವುದು. ಹಾಗಾದರೆ, ಚರಕನನ್ನು ಮುಂದಿಟ್ಟುಕೊಂಡು “ಬುದ್ಧಿಗೆ ಬ್ರಾಹ್ಮಿ” ಎನ್ನುವವರು ನಿಜವಾಗಿ ಹೊಗಳುತ್ತಿರುವುದು ಮಂಡೂಕಪರ್ಣಿಯನ್ನು. ಎಂದರೆ ನಮ್ಮ ಹಿತ್ತಿಲ ಒಂದೆಲಗವನ್ನೇ. ಅಜ್ಜಿಯಂದಿರ ತಂಬುಳಿಗೆ ಶಾಸ್ತ್ರದ ಬೆಂಬಲವಿದ್ದೇ ಇದೆ. ತಪ್ಪಿರುವುದು ನಾವು ಅದಕ್ಕೆ ಅಂಟಿಸಿದ ಹೆಸರಿನಲ್ಲಿ.

ಈ ತಪ್ಪು ಎಲ್ಲಿಂದ ಬಂದಿತು? ಹದಿನಾರನೆಯ ಶತಮಾನದ ಭಾವಮಿಶ್ರನ ಭಾವಪ್ರಕಾಶವನ್ನು ತೆರೆದು ನೋಡಿದರೆ ಒಂದು ಸುಳಿವು ದೊರೆಯುವುದು. ಅವನು ಕಪೋತವಂಕಾ, ಸೋಮವಲ್ಲೀ, ಸರಸ್ವತೀ ಎಂದು ಬ್ರಾಹ್ಮಿಯ ಹೆಸರುಗಳನ್ನು ಹೇಳಿ, ಅದರ ಬೆನ್ನಿಗೇ ಮಾಂಡೂಕೀ, ತ್ವಾಷ್ಟ್ರೀ, ದಿವ್ಯಾ, ಮಹೌಷಧೀ ಎಂದು ಮಂಡೂಕಪರ್ಣಿಯ ಹೆಸರುಗಳನ್ನು ಹೇಳುವನು. ಗುಣಗಳನ್ನು ಮಾತ್ರ ಬ್ರಾಹ್ಮಿಗೆ ವಿಸ್ತಾರವಾಗಿ ಹೇಳಿ, ಮಂಡೂಕಪರ್ಣಿಯೂ ಅದರಂತೆಯೇ ಎಂದು ಒಂದು ಮಾತಿನಲ್ಲಿ ಮುಗಿಸಿಬಿಡುವನು. ಗಿಡಗಳೆರಡು, ಗುಣವೊಂದು. ಗುಣವೊಂದೇ ಆದ ಮೇಲೆ, ಹತ್ತಿರದಲ್ಲಿ ಸಿಕ್ಕಿದುದನ್ನು ತಂದರೆ ಏನು ಬಾಧಕವೆಂದು ವೈದ್ಯನು ಎಣಿಸುವುದು ಸಹಜವೇ ಸರಿ. ಅಲ್ಲದೆ ಈ ಹೆಸರುಗಳಲ್ಲಿ ಗಿಡದ ರೂಪವನ್ನು ಹೇಳುವುವು ಅತ್ಯಲ್ಪ. ಸರಸ್ವತೀ, ದಿವ್ಯಾ, ಮಹೌಷಧೀ ಎಂಬುವು ಬಿರುದುಗಳು. ಬಿರುದನ್ನು ಯಾರು ಬೇಕಾದರೂ ಧರಿಸಬಹುದು. ಎರಡು ಬಳ್ಳಿಗಳೂ ಒದ್ದೆ ನೆಲದಲ್ಲಿ ಹರಿದಾಡುವುವು, ಎರಡೂ ಗೆಣ್ಣಿನಲ್ಲಿ ಬೇರೂರುವುವು, ಎರಡೂ ಬುದ್ಧಿಗೆ ಹೇಳಿದವು. ಹೀಗಿರುವಲ್ಲಿ ನೆಲ ನೆಲಕ್ಕೆ ಒಂದೊಂದು ಬಳ್ಳಿಯು ಬ್ರಾಹ್ಮಿಯೆನಿಸಿಕೊಂಡಿತು.

ಯಾವ ನಾಡಿನಲ್ಲಿ ಯಾವುದು ಎಂಬುದು ಬಹು ಸ್ವಾರಸ್ಯವಾಗಿದೆ. ಕೇರಳದಲ್ಲಿ ಬ್ರಾಹ್ಮಿಯೆಂದರೆ ಆ ಹುಡುಗನು ತಂದ ದಪ್ಪೆಲೆಯ ಬಳ್ಳಿ. ಒಂದೆಲಗಕ್ಕೆ ಅಲ್ಲಿ ಮುತ್ತಿಳ್, ಕುಡಂಙಲ್ ಎಂಬ ಬೇರೆ ಹೆಸರುಗಳಿವೆ. ವಂಗದೇಶದಲ್ಲಿಯೂ ಹಾಗೆಯೇ, ಬ್ರಾಹ್ಮೀಶಾಕವೆಂದು ಅವರು ಹುರಿದು ಅನ್ನದೊಡನೆ ಉಣ್ಣುವುದು ದಪ್ಪೆಲೆಯದನ್ನು, ಒಂದೆಲಗವು ಅವರಿಗೆ ಥಾನಕುನಿ. ನಮ್ಮಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಉತ್ತರದ ಬೆಟ್ಟದ ಸೀಮೆಯಲ್ಲಿಯೂ ಒಂದೆಲಗಕ್ಕೇ ಬ್ರಾಹ್ಮಿಯೆಂಬ ಹೆಸರು ನಿಂತುಹೋಗಿದೆ. ದಪ್ಪೆಲೆಯದನ್ನು ಬಲ್ಲ ಕನ್ನಡಿಗರು ಅದನ್ನು ನೀರುಬ್ರಾಹ್ಮಿಯೆಂದರು. ಬ್ರಾಹ್ಮಿಗೇ ವಿಶೇಷಣವನ್ನು ಸೇರಿಸಬೇಕಾಗಿ ಬಂದಿತು! ತೆಲುಗರು ಒಂದೆಲಗವನ್ನು ಸರಸ್ವತಿಯ ಎಲೆಯೆಂದರು. ತಮಿಳರು ವಲ್ಲಾರೈ ಎಂದು ಅದಕ್ಕೆ ತಮ್ಮದೇ ಮಾತನ್ನು ಇಟ್ಟುಕೊಂಡು, ದಪ್ಪೆಲೆಯದನ್ನು ನೀರ್ಬ್ರಹ್ಮಿಯೆಂದು ಕರೆದು ಗೊಂದಲದಿಂದ ಸ್ವಲ್ಪ ದೂರ ಉಳಿದರು. ಸಿಂಹಳದಲ್ಲಿ ಒಂದೆಲಗವು ಗೊಟುಕೊಳ, ಮತ್ತೊಂದು ಲುಣುವಿಲ. ಲುಣು ಎಂದರೆ ಉಪ್ಪು. ಈ ಬಳ್ಳಿಯು ಉಪ್ಪುನೀರು ಸೋಂಕುವ ಅಳಿವೆಯ ದಡಗಳಲ್ಲಿಯೂ ಬಾಡದೆ ಹಬ್ಬುವುದನ್ನು ನೋಡಿದವರಿಗೆ ಆ ಹೆಸರಿನ ಔಚಿತ್ಯವು ತಿಳಿಯುವುದು. “ಹೊಳೆಯ ಬದಿಯ ಕಳೆ” ಎಂದು ನಾನು ಹೀಗಳೆದ ಲಕ್ಷಣವೇ ಸಿಂಹಳದವರಿಗೆ ಹೆಸರಿಡುವ ಕಾರಣವಾಯಿತು.

ಇಷ್ಟಾದರೂ, ಹೆಸರು ಹೆಸರಿನ ಮೇಲೆ ವಾದಮಾಡಿದರೆ ಯಾವ ಕಾಲಕ್ಕೂ ಮುಗಿಯದು. ಹೆಸರನ್ನೂ ಚಿತ್ರವನ್ನೂ ಒಂದೇ ಪುಟದಲ್ಲಿ ಕೂಡಿಸಿದ ದಾಖಲೆ ಬೇಕು. ಅಂತಹುದು ನಮ್ಮ ಪಶ್ಚಿಮ ಕರಾವಳಿಯಲ್ಲಿಯೇ ಹುಟ್ಟಿದೆ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಎಂಬವನು ಮಲಬಾರಿನ ಗಿಡಮರಗಳನ್ನೆಲ್ಲ ಬರೆಯಿಸಿ, ‘ಹೋರ್ಟಸ್ ಮಲಬಾರಿಕಸ್’ ಎಂಬ ಹೆಸರಿನಿಂದ ಲ್ಯಾಟಿನ್ ಭಾಷೆಯಲ್ಲಿ ಹನ್ನೆರಡು ಸಂಪುಟಗಳಾಗಿ ೧೬೭೮ರಿಂದ ೧೬೯೩ರವರೆಗೆ ಆಮ್ಸ್ಟರ್ಡಾಮಿನಲ್ಲಿ ಅಚ್ಚು ಹಾಕಿಸಿದನು. ಗಿಡಗಳ ಹೆಸರನ್ನೂ ಗುಣವನ್ನೂ ಹೇಳಿಕೊಟ್ಟವನು ಇಟ್ಟಿ ಅಚ್ಯುತನೆಂಬ ಮಲಯಾಳದ ವೈದ್ಯ. ಅವನೊಡನೆ ರಂಗಭಟ್ಟ, ವಿನಾಯಕಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣ ವೈದ್ಯರೂ ಇದ್ದರು. ಅವರ ಕೊಂಕಣಿಯ ಪ್ರಮಾಣಪತ್ರವು ನಾಗರೀಲಿಪಿಯಲ್ಲಿಯೇ ಮೊದಲನೆಯ ಸಂಪುಟದಲ್ಲಿ ಅಚ್ಚಾಗಿದೆ. ೧೬೯೦ರಲ್ಲಿ ಹೊರಬಿದ್ದ ಹತ್ತನೆಯ ಸಂಪುಟದಲ್ಲಿ ನಮ್ಮ ಎರಡು ಬಳ್ಳಿಗಳೂ ಇವೆ. ಒಂದೆಲಗವು ‘ಕೊಡಗಂ’ ಎಂಬ ಹೆಸರಿನಿಂದಲೂ, ದಪ್ಪೆಲೆಯದು ‘ಬ್ರಾಮಿ’ ಎಂಬ ಹೆಸರಿನಿಂದಲೂ, ಬೇರೆ ಬೇರೆ ಚಿತ್ರಗಳೊಡನೆ ಅಲ್ಲಿ ಕಾಣಿಸಿಕೊಳ್ಳುವುವು.

ಈ ಮಹಾಗ್ರಂಥವನ್ನು ಸಸ್ಯಶಾಸ್ತ್ರಜ್ಞರಾದ ಮಣಿಲಾಲರು ಇಂಗ್ಲಿಷಿಗೆ ತಂದರು. ೨೦೦೩ರಲ್ಲಿ ಕೇರಳ ವಿಶ್ವವಿದ್ಯಾನಿಲಯವು ಅದನ್ನು ಪ್ರಕಟಿಸಿತು. ಬಹಳ ಕಾಲದ ಮೇಲೆ ಒಂದು ಗ್ರಂಥಾಲಯದಲ್ಲಿ ಆ ಸಂಪುಟವು ನನ್ನ ಕೈಗೆ ಬಂದಿತು. ಬೇರೇನನ್ನೋ ಹುಡುಕುತ್ತ ಹಾಳೆಗಳನ್ನು ಮಗುಚುತ್ತಿದ್ದವನು ‘ಬ್ರಾಮಿ’ಯ ಚಿತ್ರದ ಮೇಲೆ ಕಣ್ಣು ಬಿದ್ದೊಡನೆ ನಿಂತುಬಿಟ್ಟೆನು. ಎದುರುಬದುರಾದ ದಪ್ಪೆಲೆಗಳು, ಸಂದಿನಲ್ಲಿ ಒಂದೊಂದೇ ಹೂವು. ನಾನು ಕಿಟಕಿಯಿಂದ ಎಸೆದ ಬಳ್ಳಿಯು ಅದೇ. ಮುನ್ನೂರು ವರ್ಷಗಳ ಹಿಂದೆಯೇ ಅದು ಬ್ರಾಹ್ಮಿಯಾಗಿ ಅಚ್ಚಾಗಿದ್ದಿತು. ಆ ಹುಡುಗನ ಅಜ್ಜಿಯು ಅದನ್ನು ಓದಿದವಳಲ್ಲ, ಅಂತಹ ಅಜ್ಜಿಯರಿಂದಲೇ ಆ ಗ್ರಂಥವಾಯಿತು.

ಐರೋಪ್ಯರ ಕೈಯಲ್ಲಿ ಈ ಹೆಸರು ಪಟ್ಟ ಪಾಡನ್ನೂ ಇಲ್ಲಿ ಹೇಳಿಬಿಡುವೆನು. ಒಂದೆಲಗಕ್ಕೆ ಲಿನ್ನೇಯಸನು ೧೭೫೩ರಲ್ಲಿ ‘ಹೈಡ್ರೋಕಾಟೈಲ್ ಏಷ್ಯಾಟಿಕಾ’ ಎಂದು ಹೆಸರಿಟ್ಟನು. ೧೮೭೯ರಲ್ಲಿ ಅರ್ಬನ್ ಎಂಬ ಜರ್ಮನ್ ಪಂಡಿತನು ಅದನ್ನು ‘ಸೆಂಟೆಲ್ಲಾ’ ಎಂಬ ಕುಲಕ್ಕೆ ಸೇರಿಸಿದನು. ಕೊತ್ತಂಬರಿ, ಜೀರಿಗೆ, ಇಂಗುಗಳ ಮನೆತನದ್ದೇ ಈ ಒಂದೆಲಗವೂ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಬ್ರಾಹ್ಮಿಯ ಕಥೆಯು ಇಷ್ಟು ಸರಳವಲ್ಲ. ರೀಡನ ಗ್ರಂಥವನ್ನು ಆಧಾರವಾಗಿ ಇಟ್ಟುಕೊಂಡು ಫ್ರಾನ್ಸಿನ ಅಡಾನ್ಸನ್ ಎಂಬವನು ೧೭೬೩ರಲ್ಲಿ ‘ಬ್ರಾಮಿ’ ಎಂಬುದನ್ನೇ ಕುಲನಾಮವಾಗಿ ಮಾಡಿದನು. ೧೭೮೫ರಲ್ಲಿ ಲಾಮಾರ್ಕನು ‘ಬ್ರಾಮಿಯಾ’ ಎಂದನು. ನಡುವೆ ೧೭೭೫ರಲ್ಲಿ ಓಬ್ಲೆ ಎಂಬ ಮತ್ತೊಬ್ಬ ಫ್ರೆಂಚನು ದಕ್ಷಿಣ ಅಮೆರಿಕದ ಗಯಾನಾ ದೇಶದ ಒಂದು ಗಿಡಕ್ಕೆ ‘ಬಕೋಪಾ’ ಎಂದು ಹೆಸರಿಟ್ಟಿದ್ದನು. ಎರಡೂ ಒಂದೇ ಕುಲವೆಂದು ಮುಂದೆ ಗೊತ್ತಾಯಿತು. ಮೊದಲು ಇಟ್ಟ ಹೆಸರೇ ಸಲ್ಲಬೇಕೆಂಬುದು ಸಸ್ಯಶಾಸ್ತ್ರಜ್ಞರ ಸಾಮಾನ್ಯ ನಿಯಮ. ಆ ಲೆಕ್ಕದಲ್ಲಿ ‘ಬ್ರಾಮಿ’ಯು ‘ಬಕೋಪಾ’ಕ್ಕಿಂತ ಹಿರಿಯದು. ಆದರೆ ಅವರು ವಿಶೇಷ ನಿರ್ಣಯದಿಂದ ಬಕೋಪವನ್ನು ಉಳಿಸಿಕೊಂಡು ಬ್ರಾಮಿಯನ್ನು ತಳ್ಳಿಹಾಕಿದರು. ಹೀಗಾಗಿ ಇಂದು ಅದರ ಶಾಸ್ತ್ರೀಯ ನಾಮವು ‘ಬಕೋಪಾ ಮೊನ್ನಿಯೇರಿ’. ಅರ್ಧವು ಗಯಾನಾದಿಂದ ಬಂದುದು, ಉಳಿದರ್ಧವು ಲ ಮೋನಿಯೇ ಎಂಬ ಫ್ರೆಂಚ್ ವೈದ್ಯನ ಹೆಸರು. ವಾಗ್ದೇವಿಯ ಹೆಸರಿನ ಗಿಡವು ಪ್ಯಾರಿಸಿನ ವೈದ್ಯನ ಹೆಸರಿನಲ್ಲಿ ನಡೆಯಬೇಕಾಗಿ ಬಂದುದು ಕಾಲದ ಮಹಿಮೆ. ನಾನೊಬ್ಬನೇ ಅದನ್ನು ಕಿಟಕಿಯಿಂದ ಎಸೆದವನಲ್ಲವೆಂದು ಒಮ್ಮೊಮ್ಮೆ ಸಮಾಧಾನ ಮಾಡಿಕೊಳ್ಳುವುದುಂಟು. ಆದರೆ ಅದು ಸಮಾಧಾನವಾಗಿ ನಿಲ್ಲುವುದಿಲ್ಲ.

ಒಂದೆಲಗಕ್ಕೆ ಐರೋಪ್ಯರಲ್ಲಿ ಕೀರ್ತಿ ಬಂದುದು ಬುದ್ಧಿಯ ವಿಷಯದಲ್ಲಲ್ಲ, ಕುಷ್ಠರೋಗದ ವಿಷಯದಲ್ಲಿ. ೧೮೫೨ರಲ್ಲಿ ಮಾರಿಷಸ್ ದ್ವೀಪದ ಬ್ವಾಲೋ ಎಂಬ ವೈದ್ಯನು ಇದು ಕುಷ್ಠಕ್ಕೆ ಮದ್ದೆಂದು ಸಾರಿದನು. ಪುದುಚೇರಿಯಲ್ಲಿದ್ದ ಲೆಪಿನ್ ಎಂಬ ಔಷಧಶಾಸ್ತ್ರಜ್ಞನು ೧೮೫೫ರಲ್ಲಿ ಇದರಿಂದ ಎಣ್ಣೆಯಂತಹ ಒಂದು ಸತ್ತ್ವವನ್ನು ತೆಗೆದು, ತಮಿಳಿನ ವಲ್ಲಾರೈಯಿಂದಲೇ ‘ವೆಲ್ಲಾರಿನ್’ ಎಂಬ ಹೆಸರನ್ನು ಅದಕ್ಕೆ ಕೊಟ್ಟನು. ೧೮೬೮ರಲ್ಲಿ ಪ್ರಕಟವಾದ ಇಂಡಿಯಾದ ಫಾರ್ಮಕೋಪಿಯಾದಲ್ಲಿ ಒಂದೆಲಗಕ್ಕೆ ಅಧಿಕೃತವಾದ ಸ್ಥಾನವು ದೊರೆಯಿತು. ಕುಷ್ಠವನ್ನು ಅದು ಗುಣಪಡಿಸಲಿಲ್ಲ; ಆ ಕಾರ್ಯವು ಇಪ್ಪತ್ತನೆಯ ಶತಮಾನದ ಬೇರೆ ಔಷಧಗಳಿಗೆ ಕಾದಿದ್ದಿತು. ಆದರೆ ಗಾಯದ ಚರ್ಮವು ಕೂಡಿಕೊಳ್ಳಲು ಒಂದೆಲಗವು ಸಹಾಯಕವೆಂಬ ಮಾತಿನಲ್ಲಿ ಹುರುಳಿದ್ದಿತು. ೧೯೪೦ರ ದಶಕದಲ್ಲಿ ಮಡಗಾಸ್ಕರಿನಲ್ಲಿ ಕೆಲಸಮಾಡಿದ ಫ್ರೆಂಚರು ಇದರ ‘ಏಷ್ಯಾಟಿಕೋಸೈಡ್’ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ಅದು ಗಾಯದ ಮುಲಾಮುಗಳಿಗೆ ಸೇರಿತು.

ಇತ್ತ ದಪ್ಪೆಲೆಯ ಬ್ರಾಹ್ಮಿಯ ಶೋಧನೆಯು ನಮ್ಮ ದೇಶದಲ್ಲಿಯೇ ನಡೆಯಿತು. ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯದವರು ೧೯೬೦ರ ದಶಕದಲ್ಲಿ ಅದರಿಂದ ‘ಬಕೋಸೈಡ್’ಗಳೆಂಬ ಸತ್ತ್ವಗಳನ್ನು ತೆಗೆದರು. ಆಸ್ಟ್ರೇಲಿಯದಲ್ಲಿ ಆರೋಗ್ಯವಂತರಿಗೆ ಹನ್ನೆರಡು ವಾರಗಳ ಕಾಲ ಇದರ ಸಾರವನ್ನು ಕೊಟ್ಟು ಮಾಡಿದ ಪರೀಕ್ಷೆಯೊಂದು ೨೦೦೧ರಲ್ಲಿ ಪ್ರಕಟವಾಯಿತು. ಕಲಿಕೆಯಲ್ಲಿಯೂ ನೆನಪಿನಲ್ಲಿಯೂ ಸ್ವಲ್ಪ ಮಟ್ಟಿನ ಪ್ರಯೋಜನವನ್ನು ಅವರು ಕಂಡರು. ಪರೀಕ್ಷೆಯ ಹಿಂದಿನ ರಾತ್ರಿ ನುಂಗಿ ಬೆಳಗ್ಗೆ ಫಲ ಕಾಣುವ ವಸ್ತುವಲ್ಲವೆಂಬುದು ಇದರಿಂದ ವಿದ್ಯಾರ್ಥಿಗಳಿಗೆ ತಿಳಿದಿರಲಿ. ಮುಖ್ಯವಾದ ಮಾತೆಂದರೆ, ಒಂದೆಲಗದಲ್ಲಿ ಬಕೋಸೈಡ್ ಇಲ್ಲ, ಬ್ರಾಹ್ಮಿಯಲ್ಲಿ ಏಷ್ಯಾಟಿಕೋಸೈಡ್ ಇಲ್ಲ. ಮಂಡೂಕಪರ್ಣಿಯೂ ಅದರಂತೆಯೇ ಎಂಬ ಭಾವಮಿಶ್ರನ ಮಾತು ಪ್ರಯೋಗಶಾಲೆಯಲ್ಲಿ ಹಾಗೆಯೇ ಸಲ್ಲುವುದಿಲ್ಲ. ಆದುದರಿಂದಲೇ ಭಾರತದ ಆಯುರ್ವೇದ ಫಾರ್ಮಕೋಪಿಯಾವು ಬಕೋಪವೇ ಬ್ರಾಹ್ಮಿ, ಸೆಂಟೆಲ್ಲವೇ ಮಂಡೂಕಪರ್ಣಿ ಎಂದು ಬೇರೆ ಬೇರೆಯಾಗಿ ನಿಶ್ಚಯಿಸಿದೆ. ಇಷ್ಟಾದರೂ ಪೇಟೆಯ ಗೊಂದಲವು ಹೋಗಿಲ್ಲ. ನಾನು ಕೊಂಡ ಎರಡು ಬಾಟಲಿ ಬ್ರಾಹ್ಮೀತೈಲಗಳಲ್ಲಿ ಒಂದರ ಚೀಟಿಯಲ್ಲಿ ಬಕೋಪವೆಂದೂ ಮತ್ತೊಂದರಲ್ಲಿ ಸೆಂಟೆಲ್ಲವೆಂದೂ ಸಣ್ಣಕ್ಷರಗಳಲ್ಲಿ ಅಚ್ಚಾಗಿದ್ದಿತು. ದೊಡ್ಡಕ್ಷರದಲ್ಲಿ ಎರಡೂ ಬ್ರಾಹ್ಮಿಯೇ. ಔಷಧಕ್ಕಾಗಿ ಕೊಳ್ಳುವವರು ಕನ್ನಡಕವನ್ನು ಹಾಕಿಕೊಂಡು ಸಣ್ಣಕ್ಷರವನ್ನು ಓದುವುದು ಒಳ್ಳೆಯದು. ಕಿತ್ತು ತರುವವರಿಗೂ ಒಂದು ಮಾತು: ಪೇಟೆಯ ಚರಂಡಿಯ ಅಂಚಿನಲ್ಲಿ ಎಷ್ಟು ಸೊಂಪಾಗಿ ಬೆಳೆದಿದ್ದರೂ ಇವುಗಳನ್ನು ಮುಟ್ಟಬಾರದು. ಬ್ರಾಹ್ಮಿಯು ಕೊಳಕು ನೀರಿನ ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳನ್ನು ಹೀರಿ ತನ್ನಲ್ಲಿ ಕೂಡಿಟ್ಟುಕೊಳ್ಳುವ ಸ್ವಭಾವದ್ದು.

ಇನ್ನು ಉಳಿದುದು ಆ ಹುಡುಗನ ಸಂಗತಿ. ೨೦೨೨ರಲ್ಲಿ ಒಂದು ಮದುವೆಯ ಮನೆಯಲ್ಲಿ ಅವನೇ ಬಂದು ನಮಸ್ಕರಿಸಿದನು. ತಲೆ ನರೆತಿದ್ದಿತು, ನಾನು ಗುರುತಿಸಲಿಲ್ಲ. ಗುರುತು ಹತ್ತಿದ ಮೇಲೆ ಮೊದಲು ನನ್ನ ಬಾಯಿಂದ ಬಂದುದು ಬ್ರಾಹ್ಮಿಯ ಮಾತು. ನನ್ನದು ತಪ್ಪೆಂದೂ ಅವನ ಅಜ್ಜಿಯು ಹೇಳಿದುದು ಸರಿಯೆಂದೂ ಪುಸ್ತಕದಲ್ಲಿ ಕಂಡುದನ್ನೆಲ್ಲ ಹೇಳಿದೆನು. ತರಗತಿಯಲ್ಲಿ ನಡೆದುದು ಅವನಿಗೆ ಚೆನ್ನಾಗಿ ನೆನಪಿರಲಿಲ್ಲ. ಹುಡುಗರು ನಕ್ಕುದು ಮಸಕಾಗಿ ನೆನಪಿದ್ದಿತಷ್ಟೆ. ಆದರೆ ಮುಂದಿನ ವಾರ ಮನೆಗೆ ಹೋದಾಗ ಇದು ಬ್ರಾಹ್ಮಿಯಲ್ಲವೆಂದು ಮೇಷ್ಟರು ಹೇಳಿದರೆಂದು ಅಜ್ಜಿಗೆ ತಿಳಿಸಿದುದು ಅವನಿಗೆ ನೆನಪಿದ್ದಿತು. ಓದಿದವರು ಹೇಳ್ದ ಮೇಲೆ ಹಾಗೇ ಇರಬೇಕು ಎಂದಳಂತೆ ಅವಳು. ಅದುವರೆಗೆ ಪ್ರತಿವರ್ಷವೂ ಅದರ ರಸದಲ್ಲಿ ತುಪ್ಪವನ್ನು ಕಾಸಿ ಮೊಮ್ಮಕ್ಕಳಿಗೆ ನೆಕ್ಕಿಸುತ್ತಿದ್ದವಳು ಅಂದಿನಿಂದ ಅದನ್ನು ನಿಲ್ಲಿಸಿ, ಕೊಳದ ಅಂಚಿನಲ್ಲಿದ್ದುದನ್ನೆಲ್ಲ ಕೀಳಿಸಿಬಿಟ್ಟಳಂತೆ. ಅವಳು ತೀರಿಕೊಂಡು ಇಪ್ಪತ್ತು ವರ್ಷಗಳ ಮೇಲಾಗಿದ್ದಿತು. ನನಗೆ ಊಟ ಸೇರಲಿಲ್ಲ.

ಅವನು ನನ್ನ ಮುಖವನ್ನು ನೋಡಿ, “ಅದು ಹೋಗಿಲ್ಲ ಸಾರ್. ಅದು ಕಿತ್ತರೆ ಹೋಗುವ ಜಾತಿಯೆ? ಒಂದು ಗೆಣ್ಣು ಉಳಿದರೂ ಸಾಕು” ಎಂದನು. ಹದಿನೈದು ದಿನಗಳ ಮೇಲೆ ಅಡಕೆಯ ಹಾಳೆಯಲ್ಲಿ ಸುತ್ತಿದ ಒಂದು ಕಟ್ಟು ನಮ್ಮ ಮನೆಗೆ ಬಂದಿತು; ಒಳಗೆ ಒದ್ದೆ ಬಟ್ಟೆ, ಬಟ್ಟೆಯೊಳಗೆ ನಾಲ್ಕು ಗೇಣಿನಷ್ಟು ಬಳ್ಳಿ. ಅದನ್ನು ತುಂಡುಮಾಡಿ ಬಾವಿಯ ಕಟ್ಟೆಯ ಕೆಳಗೆ, ನೀರು ನಿಲ್ಲುವಲ್ಲಿ ಊರಿದೆನು. ಒಂದೆಲಗವು ಅಲ್ಲಿ ಮೊದಲಿನಿಂದಲೂ ಇದ್ದಿತು. ಎರಡಕ್ಕೂ ನಡುವೆ ಇರಲೆಂದು ಒಂದು ಸಾಲು ಕಲ್ಲನ್ನು ಇಟ್ಟಿದ್ದೆನು. ಒಂದು ಮಳೆಗಾಲ ಕಳೆಯುವುದರೊಳಗಾಗಿ ಕಲ್ಲುಗಳು ಕಾಣದಂತಾದುವು. ಈಗ ತಂಬುಳಿಗೆ ಎಲೆ ಕೊಯ್ಯಲು ಹೋದ ನನ್ನ ಮನೆಯವರು, ಒಂದರೊಳಗೊಂದು ಹೆಣೆದುಕೊಂಡ ಬಳ್ಳಿಗಳಲ್ಲಿ ಒಂದೆಲಗವನ್ನು ಬೇರ್ಪಡಿಸುತ್ತ ಬಹಳ ಹೊತ್ತು ಕುಳಿತಿರುವರು.